ಹಳೇ ಗಾಜಿನದೇನೂ ತಪ್ಪಿರಲಿಲ್ಲ

ಶೇಂಗಾ ತಿಂದರೆ ನನ್ನ ಗಂಟಲು ಮುಚ್ಚುತ್ತದೆ. ತುಟಿ ದಪ್ಪಗಾಗುತ್ತದೆ, ಮೈತುಂಬ ದದ್ದು ಏಳುತ್ತವೆ, ಉಸಿರು ಸಿಕ್ಕಿಕೊಳ್ಳುತ್ತದೆ. ಸಕಾಲದಲ್ಲಿ ಇಂಜೆಕ್ಷನ್ ಬೀಳದಿದ್ದರೆ ಜೀವ ಹೋಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ವಿಷಯ ಇಷ್ಟೇ. ಆದರೆ ಇದನ್ನು ನಮ್ಮ ದಾವಣಗೆರೆ ಸೀಮೆಯಲ್ಲಿ ಯಾರಿಗಾದರೂ ಹೇಳಿ ನಂಬಿಸುವುದಿದೆಯಲ್ಲ, ಅದರಂಥ ತಲೆನೋವಿನ ಕೆಲಸ ಇನ್ನೊಂದಿಲ್ಲ. ಇಲ್ಲಿ ಮಂಡಕ್ಕಿಗೆ ಶೇಂಗಾ, ಅವಲಕ್ಕಿಗೆ ಶೇಂಗಾ, ಎಣಗಾಯಿಗೆ ಶೇಂಗಾ, ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಊಟ ಬಿಟ್ಟು ಉಪವಾಸ ಮಾಡಿದರೆ ಅದಕ್ಕೂ ಹುರಿದ ಶೇಂಗಾ. ಇಂಥ ಊರಿನಲ್ಲಿ ಕೂತು ನನಗೆ ಶೇಂಗಾ ಆಗುವುದಿಲ್ಲ ಎಂದರೆ, ಗಾಳಿ ಆಗುವುದಿಲ್ಲ ಎಂದವಳನ್ನು ನೋಡಿದ ಹಾಗೆ ನೋಡುತ್ತಾರೆ.

“ಒಂದೀಟು ತಿಂದ್ರೆ ಏನಾಗ್ತೈತ್ರಿ?” ಇದು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದ ಪ್ರಶ್ನೆ. ಹರಿಹರ ತಾಲ್ಲೂಕಿನ ಸಾರಥಿ ನನ್ನ ತವರು. ಚಿಕ್ಕವಳಿದ್ದಾಗ ಕಣದಲ್ಲಿ ಕೂತು ಹಸಿ ಶೇಂಗಾ ಸುಲಿದು ತಿಂದು ಮುಖ ಊದಿಸಿಕೊಂಡರೆ ಅಜ್ಜಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳ ಕಾಲಕ್ಕೆ ಅಷ್ಟೇ ಗೊತ್ತಿತ್ತು. ಆದರೆ ಕೈಯಲ್ಲಿ ಮೊಬೈಲ್ ಹಿಡಿದು ಜಗತ್ತಿನ ಸುದ್ದಿಯನ್ನೆಲ್ಲ ಬಲ್ಲವರೂ ಅದೇ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. ನಾನು ಪಾಠ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಇದನ್ನೇ ಕೇಳಿದಾಗ, “ಸಾಯ್ತೀನ್ರಿ. ಮಣ್ಣಿಗೆ ಬರ್ತೀರೇನು?” ಎಂದುಬಿಟ್ಟಿದ್ದೆ. ಆಮೇಲೆ ಅವರು ನನ್ನ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು. ನನಗೂ ಅದೇ ಬೇಕಿತ್ತು.

ನಾನು ಗಾಜಿನ ಪಾತ್ರೆಗಳ ಹಿಂದೆ ಬಿದ್ದದ್ದು ಈ ಕಾರಣಕ್ಕೇ. ಪ್ಲಾಸ್ಟಿಕ್ ಡಬ್ಬಿ ಒಮ್ಮೆ ಎಣ್ಣೆ ಕುಡಿದರೆ ಎಷ್ಟು ತಿಕ್ಕಿದರೂ ಜಿಡ್ಡು ಬಿಡುವುದಿಲ್ಲ. ಸ್ಟೀಲ್ ಡಬ್ಬಿಯ ಅಂಚು ಮಡಿಚಿರುತ್ತದೆ, ಆ ಮಡಿಕೆಯೊಳಗೆ ಏನು ಕೂತಿದೆ ಎಂದು ದೇವರಿಗೇ ಗೊತ್ತು. ಗಾಜು ಹಾಗಲ್ಲ. ಅದು ಏನನ್ನೂ ಮುಚ್ಚಿಡುವುದಿಲ್ಲ. ಬೆಳಕಿಗೆ ಹಿಡಿದರೆ ಒಳಗಿರುವುದೆಲ್ಲ ಕಾಣುತ್ತದೆ. ಮನುಷ್ಯರಿಗಿಂತ ಗಾಜಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಹೊಸ ಗಾಜು ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. ಆದರೆ ನನ್ನ ಕಣ್ಣು ಹಳೆಯದರ ಮೇಲೆ. ಹರಿಹರದಲ್ಲಿ ನನ್ನ ಗಂಡನ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಳೇ ಸಾಮಾನಿನ ಅಂಗಡಿಯಿದೆ. ಹಳೆಯ ವ್ಯಾಪಾರಸ್ಥರ ಮನೆಗಳನ್ನು ಕೆಡವಿ ಹೊಸದು ಕಟ್ಟುವಾಗ ಅವರ ಕಪಾಟಿನ ಗಾಜೆಲ್ಲ ಅಲ್ಲಿಗೆ ಬರುತ್ತದೆ. ದಪ್ಪ ತಳದ ಬಟ್ಟಲುಗಳು, ಮೈತುಂಬ ಗೆರೆ ಕೊರೆದ ಕಟ್ಟಿಂಗ್ ಇರುವ ಡಬ್ಬಿಗಳು, ಕೈಯಲ್ಲಿ ಹಿಡಿದರೆ ತೂಕವಿರುವ ಲೋಟಗಳು. ಆ ಅಂಗಡಿಯವನು ಪ್ರತಿಯೊಂದನ್ನೂ ಒಂದು ಕರಿ ಅರಿವೆಯಿಂದ ಒರೆಸಿ ಮಿರಮಿರ ಮಿಂಚಿಸಿ ಇಟ್ಟಿರುತ್ತಾನೆ. ಮೊದಲ ಸಲ ಹೋದಾಗ, ಅರಿವೆಗೆ ಏನು ಹಚ್ಚಿದ್ದೀರಿ ಎಂದು ಕೇಳಿದೆ.

“ಒಳ್ಳೆಣ್ಣಿ ಅಮ್ಮಾ, ಗಾಣದ್ದು. ಮಾಲಿಗೆ ಹೊಳಪು ಬರಬೇಕಲ್ಲ.”

ನಮ್ಮ ಕಡೆ ಒಳ್ಳೆಣ್ಣೆ ಎಂದರೆ ಶೇಂಗಾ ಎಣ್ಣೆ. ಅವನು ಹೆಮ್ಮೆಯಿಂದ ಹೇಳಿದ. ನಾನು ಅಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಕೈ ತೂರಿಸಿಕೊಂಡು ಬಟ್ಟಲು ಆರಿಸಿದೆ. ಅವನು ನನ್ನನ್ನು ಆರೋಗ್ಯ ಇಲಾಖೆಯವಳೆಂದು ತಿಳಿದು ಚಹಾ ತರಿಸಲು ಹೊರಟಿದ್ದ.

ಹೀಗಾಗಿ ಹಳೇ ಗಾಜು ನನ್ನ ಮನೆಯೊಳಗೆ ಸುಮ್ಮನೆ ಬರುವುದಿಲ್ಲ. ಅಂಗಡಿಯಲ್ಲೇ ಅಂಚಿನ ಸುತ್ತ ಉಗುರು ಆಡಿಸಿ ನೋಡುತ್ತೇನೆ, ಚಕ್ಕೆ ಎದ್ದಿದ್ದರೆ ಬೇಡ. ಬೆರಳ ಗೆಣ್ಣಿನಿಂದ ಬಡಿದಾಗ ಬದ್ ಎಂಬ ಮಂಕು ಸದ್ದು ಬಂದರೆ ಎಲ್ಲೋ ಕೂದಲೆಳೆಯಷ್ಟು ಸೀಳು ಬಿಟ್ಟಿದೆ ಎಂದೇ ಲೆಕ್ಕ, ಅದೂ ಬೇಡ. ಒಳಮೈಗೆ ಬಣ್ಣವೋ ಬಂಗಾರದ ಗೆರೆಯೋ ಇದ್ದದ್ದು ಹೂವಿಗೆ ಸರಿ, ಊಟಕ್ಕಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಮೇಲೆ ಲಿಂಬೆ ಉಪ್ಪಿನಕಾಯಿ ಹಾಕಿಡುವಷ್ಟು ಪೆದ್ದಿ ನಾನಲ್ಲ. ಮನೆಗೆ ತಂದ ಮೇಲೆ ಮುಚ್ಚಳದ ರಬ್ಬರು, ಬೆಂಡಿನ ಬಿರಡೆ ಇದ್ದರೆ ಮೊದಲು ಕಸಕ್ಕೆ, ಏಕೆಂದರೆ ಅವು ಹೀರಿಕೊಂಡದ್ದನ್ನು ಬಿಡುವುದಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಸೋಪು ಕಲಸಿ ನೆನೆಹಾಕಿ, ಕಟ್ಟಿಂಗಿನ ಪ್ರತಿ ಗೆರೆಗೂ ಹಲ್ಲುಜ್ಜುವ ಬ್ರಷ್ ತೂರಿಸಿ ತಿಕ್ಕಿ, ನೀರು ಬದಲಿಸಿ ಮತ್ತೆ ಮತ್ತೆ ತೊಳೆಯಬೇಕು. ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತಿದ್ದರೆ ಲಿಂಬೆಹಣ್ಣು. ಸ್ಕ್ರಬ್ಬರು ಮಾತ್ರ ಹೊಸದೇ ಆಗಬೇಕು, ಮನೆಯವರ ಬಾಣಲೆ ತಿಕ್ಕಿದ್ದು ನನ್ನ ಗಾಜಿಗೆ ತಾಗಕೂಡದು.

ಇದನ್ನು ನೋಡಿದವರೆಲ್ಲರದೂ ಒಂದೇ ಉಪದೇಶ. “ಕುದಿಯೋ ನೀರಾಗೆ ಅದ್ದಿಬಿಡು, ಎಲ್ಲಾ ಸತ್ತೋಗ್ತಾವೆ.” ಏನು ಸಾಯುತ್ತದೆ? ಕ್ರಿಮಿ ಸಾಯುತ್ತದೆ. ಶೇಂಗಾದ ಅಂಶ ಜೀವ ಇರುವ ವಸ್ತುವಲ್ಲ, ಸಾಯಲಿಕ್ಕೆ. ಅದನ್ನು ತಿಕ್ಕಿ ತೊಳೆದು ಹೊರಗೆ ಹಾಕಬೇಕು, ಬೇರೆ ದಾರಿಯಿಲ್ಲ. ಅದೂ ಅಲ್ಲದೆ ಹಳೇ ಗಾಜಿಗೆ ಒಮ್ಮೆಲೇ ಕುದಿಯುವ ನೀರು ಸುರಿದರೆ ಅದು ಟಣ್ ಎಂದು ಸೀಳಿ ಎರಡಾಗುತ್ತದೆ. ಹೇಳಿ ಹೇಳಿ ಬಾಯಿ ನೋಯಿತೇ ಹೊರತು ಯಾರ ತಲೆಗೂ ಹೋಗಲಿಲ್ಲ.

ಹೀಗೆ ದಾವಣಗೆರೆಯ ಸರಸ್ವತಿ ನಗರದ ನಮ್ಮ ಅಡುಗೆಮನೆಯಲ್ಲಿ ಒಂದು ಕಪಾಟು ನನ್ನದಾಯಿತು. ಅದರಲ್ಲಿ ನನ್ನ ಗಾಜು, ನನ್ನ ಚಮಚ, ನನ್ನ ಬ್ರಷ್. ಮನೆಗೆ ಬಂದವರ ಬಾಯಿ ಸುಮ್ಮನಿರಬೇಕಲ್ಲ. ನಮ್ಮದು ಮಡಿ-ಮೈಲಿಗೆ ಒಪ್ಪದ ಶರಣರ ಮನೆತನ. “ಇದೇನವಾ, ಈ ಮನ್ಯಾಗೆ ಮಡಿ ಯಾವಾಗ ಬಂತು?” ಎಂದು ಗಂಡನ ಕಡೆಯ ಹೆಂಗಸರು ಆಡಿಕೊಂಡರು. ಹರಿಹರಕ್ಕೆ ಕಾರ್ಯಕ್ಕೆ ಹೋದಾಗ ನನ್ನ ಗಾಜಿನ ಬಟ್ಟಲು ನಾನೇ ಒಯ್ಯುತ್ತಿದ್ದೆ. ಪಂಕ್ತಿಯಲ್ಲಿ ಅದನ್ನು ಮುಂದಿಟ್ಟುಕೊಂಡು ಕೂತರೆ ಆಚೀಚೆಯವರು ಸರಿದು ಕೂರುತ್ತಿದ್ದರು. ನಾನು ಅವರನ್ನು ಕೀಳಾಗಿ ಕಾಣುತ್ತಿದ್ದೇನೆಂಬ ಸಿಟ್ಟು ಅವರಿಗೆ, ಜೀವ ಉಳಿಸಿಕೊಳ್ಳುವುದಕ್ಕೂ ಇವರ ಅಪ್ಪಣೆ ಬೇಕೇ ಎಂಬ ಸಿಟ್ಟು ನನಗೆ.

ಗಂಡನ ಅಕ್ಕ ಮಾತ್ರ ಆಡಿಕೊಳ್ಳುತ್ತಿರಲಿಲ್ಲ. ನಾನು ಅವರನ್ನು ಅಕ್ಕಾರೆ ಎನ್ನುತ್ತೇನೆ. ಹರಿಹರದ ಹಳೆಯ ಧಾನ್ಯ ವ್ಯಾಪಾರದ ಮನೆಯ ಸೊಸೆ, ದೊಡ್ಡ ಕೈ, ದೊಡ್ಡ ದನಿ. ನನ್ನ ಬಟ್ಟಲಿಗೆ ತಾವೇ ಬಡಿಸುತ್ತಿದ್ದರು. ನಾನು ಬರೀ ಅನ್ನ, ಮೊಸರು ಹಾಕಿಸಿಕೊಂಡರೆ ಬಲವಂತ ಮಾಡುತ್ತಿರಲಿಲ್ಲ. ನನಗೆ ಇದು ಕಾಯಿಲೆ ಅಕ್ಕಾರೆ, ಡಾಕ್ಟರು ಹೇಳಿದ್ದಾರೆ ಎಂದು ಎಷ್ಟು ಸಲ ಹೇಳಿದರೂ ಒಂದು ಥರ ನಕ್ಕು, ಕಣ್ಣು ಮಿಟುಕಿಸಿ, “ಆತು ತಂಗೀ, ಹಂಗೇ ಇರ್ಲಿ” ಎನ್ನುತ್ತಿದ್ದರು. ಆ ನಗು ನನಗೆ ಆಗಿ ಬರುತ್ತಿರಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ, ಅದು ಇವರಿಗೆ ಗೊತ್ತಾಗಿದೆ ಎನ್ನುವ ಹಾಗೆ ಇರುತ್ತಿತ್ತು.

ಮೊನ್ನೆ ಮೊನ್ನೆ ಅವರ ಮೊಮ್ಮಗಳ ತೊಟ್ಟಿಲ ಕಾರ್ಯವಾಯಿತು. ನನಗೆ ಪರೀಕ್ಷೆಯ ಕೆಲಸ ಇತ್ತೆಂದು ಗಂಡನೊಬ್ಬರೇ ಹೋಗಿ ಬಂದರು. ಅದಾಗಿ ಕೆಲವು ವಾರಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ಕಪಾಟಿನಿಂದ, ಬಹಳ ದಿನದಿಂದ ಬಳಸದಿದ್ದ ಮುಚ್ಚಳದ ದೊಡ್ಡ ಗಾಜಿನ ಡಬ್ಬಿ ತೆಗೆದೆ. ರಾತ್ರಿಯ ಅನ್ನಕ್ಕೆ ಮೊಸರು ಕಲಸಿ ಅದರಲ್ಲಿ ಹಾಕಿಟ್ಟು, ಮಧ್ಯಾಹ್ನ ತಿಂದೆ. ಇನ್ನೂ ಅರ್ಧ ತಿಂದಿರಲಿಲ್ಲ, ನಾಲಿಗೆ ತುರಿಸತೊಡಗಿತು. ನನಗೆ ತಕ್ಷಣ ಗೊತ್ತಾಯಿತು. ಇದು ನನಗೆ ಗೊತ್ತಾಗದೆ ಬರುವ ನೆಂಟನಲ್ಲ. ಗಂಡನನ್ನು ಕರೆಯಲು ಹೋದರೆ ದನಿ ಹೊರಡಲಿಲ್ಲ, ಚಮಚದಿಂದ ಟೇಬಲ್ ಬಡಿದೆ. ಅವರು ಓಡಿ ಬಂದು ನನ್ನ ಮುಖ ನೋಡಿದರು, ಆಮೇಲೆ ಡಬ್ಬಿ ನೋಡಿದರು. ಆ ನೋಟದ ಅರ್ಥ ಆಗ ನನಗೆ ಆಗಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ತೊಡೆಗೆ ಇಂಜೆಕ್ಷನ್ ಕೊಟ್ಟರು, ಮುಖಕ್ಕೆ ಆಕ್ಸಿಜನ್ ಕಟ್ಟಿದರು. ಡಾಕ್ಟರು ಗಂಡನನ್ನು ಕೇಳುವುದು ನನಗೆ ಕೇಳಿಸುತ್ತಿತ್ತು. “ಏನು ತಿಂದ್ರು? ಶೇಂಗಾ ಏನಾದ್ರೂ ಹೋಯ್ತಾ?”

“ಇಲ್ಲ ಸರ್. ಮೊಸರನ್ನ. ಹಳೇ ಗಾಜಿನ ಡಬ್ಬಿಯಾಗೆ ಇಟ್ಟಿದ್ಲು. ಸೆಕೆಂಡ್ ಹ್ಯಾಂಡ್ ತಂದಿದ್ದು ಸರ್.”

ಅಲ್ಲಿಂದ ಶುರುವಾಯಿತು ನೋಡಿ ಗಾಜಿನ ಪಂಚಾಯಿತಿ. ನೋಡಲು ಬಂದವರೆಲ್ಲ ಮಂಚದ ಪಕ್ಕ ನಿಂತು ಗಾಜನ್ನು ಬೈದರು. ಯಾರು ಉಂಡು ಬಿಟ್ಟದ್ದೋ ಏನೋ ಎಂದರು. ಸತ್ತವರ ಮನೆಯದಿರಬೇಕು ಎಂದರು. ಓದಿದವರು ಹಿಂಗೆ ಗುಜರಿ ಸಾಮಾನಿನಲ್ಲಿ ಉಣ್ಣಬಹುದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಹಾಗೆ ಕೇಳಿದವರು ನನಗೆಂದು ತಂದ ಬಿಸ್ಕತ್ತಿನ ಪೊಟ್ಟಣದ ಮೇಲೆ ಶೇಂಗಾದ ಚಿತ್ರವೇ ಇತ್ತು. ಗಂಡ ಎಲ್ಲರ ಮಾತಿಗೂ ತಲೆಯಾಡಿಸುತ್ತ ಕೂತಿದ್ದರು. ಒಬ್ಬರಿಗೂ ಇಲ್ಲ ಎನ್ನಲಿಲ್ಲ.

ನಾನು ಮಲಗಿಕೊಂಡು ಯೋಚಿಸಿದ್ದು ಒಂದೇ. ಎಲ್ಲಿ ತಪ್ಪಿದೆ? ಯಾವ ಗೆರೆಯಲ್ಲಿ ಏನು ಉಳಿಯಿತು? ಆ ಡಬ್ಬಿಯನ್ನು ತಂದು ವರ್ಷಗಳಾಗಿದ್ದವು, ಎಷ್ಟೋ ಸಲ ಅದರಲ್ಲಿ ತಿಂದಿದ್ದೆ. ಈಗ ಅದು ಹೇಗೆ ಕೈಕೊಟ್ಟಿತು? ನನ್ನ ಕಣ್ಣಿನ ಮೇಲೆ, ಕೈಯ ಮೇಲೆ ನನಗಿದ್ದ ನಂಬಿಕೆ ಆ ಮಂಚದ ಮೇಲೆ ಹೋಯಿತು. ತಿನ್ನುವುದಕ್ಕೇ ಹೆದರಿಕೆಯಾಯಿತು. ಮರುದಿನ ಆಸ್ಪತ್ರೆಯವರು ಕೊಟ್ಟ ಗಂಜಿಯನ್ನು ಮುಟ್ಟಲಿಲ್ಲ, ನೀರಷ್ಟೇ ಕುಡಿದೆ.

ಮನೆಗೆ ಬಂದ ಮೇಲೆ ಕಪಾಟು ಬರಿದು ಮಾಡಲು ನಿಂತೆ. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ನಮ್ಮ ಓಣಿಗೆ ಬಂದಾಗ ಬಟ್ಟಲು, ಲೋಟಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕೊಟ್ಟೆ. ನಾನು ಆರಿಸಿದ್ದು, ನಾನು ತಿಕ್ಕಿದ್ದು, ನಾನು ಬೆಳಕಿಗೆ ಹಿಡಿದು ನೋಡಿದ್ದು. ಎಲ್ಲ ಗಾಡಿಯೊಳಗೆ ಬಿದ್ದು ಒಡೆದ ಸದ್ದಾಯಿತು. ಗಂಡ ಗೇಟಿನ ಹತ್ತಿರವೇ ಪೇಪರು ಹಿಡಿದು ನಿಂತಿದ್ದರು. ಒಳಗೆ ಹೋಗಿ ಆ ದೊಡ್ಡ ಡಬ್ಬಿ ತಂದೆ. ಗಾಡಿಯವನು ಕೈ ಚಾಚಿದ.

“ಅದೊಂದು ಇರ್ಲಿ ಬಿಡು” ಎಂದರು ಗಂಡ.

“ಯಾಕ? ಇದೇ ಅಲ್ಲೇನು ನನ್ನ ಕೊಲ್ಲಾಕ ಹೊಂಟಿದ್ದು?”

ಅವರು ಪೇಪರು ಮಡಿಚಿದರು, ಮತ್ತೆ ಬಿಡಿಸಿದರು. ಗಾಡಿ ಮುಂದೆ ಹೋಯಿತು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ತೊಟ್ಟಿಲ ಕಾರ್ಯಕ್ಕೆ ಕಲ್ಲುಸಕ್ಕರೆ ಹಾಕಿಡಲು ಚೆಂದದ ಡಬ್ಬಿ ಬೇಕೆಂದು ಅಕ್ಕ ಕೇಳಿದ್ದರಂತೆ. ನಾನು ಶಾಲೆಯಲ್ಲಿದ್ದಾಗ ಇವರು ಕಪಾಟಿನಿಂದ ಅದನ್ನು ತೆಗೆದು ಒಯ್ದರಂತೆ. ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ, ಸಕ್ಕರೆಯನ್ನೋ ಇನ್ನೊಂದನ್ನೋ ಹಾಕಿಯೇ ಕೊಡಬೇಕು. ಅಕ್ಕ ಅದರ ತುಂಬ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟರಂತೆ. ಇವರು ಅದನ್ನು ಕಚೇರಿಗೆ ಒಯ್ದು, ಎಲ್ಲರೂ ಕೂಡಿ ತಿಂದು ಮುಗಿಸಿ, ಅಲ್ಲಿಯ ನಲ್ಲಿಯಲ್ಲಿ ಅಲುಗಿಸಿ ತೊಳೆದು, ನನಗೆ ಹೇಳದೆ ಕಪಾಟಿನಲ್ಲಿ ಇಟ್ಟರಂತೆ.

“ಚೊಲೋ ತೊಳ್ದಿದ್ದೆ. ಕಾಣ್ತಿರ್ಲಿಲ್ಲ ಏನೂ.”

“ಡಾಕ್ಟರು ಕೇಳಿದಾಗ ಹೇಳಾಕ ಏನಾಗಿತ್ತು?”

“ಅಕ್ಕನ ಹೆಸರು ಬರ್ತಿತ್ತು. ಆಕಿ ಬ್ಯಾಸರ ಮಾಡ್ಕೊಂತಾಳೆ.”

ನನ್ನ ಉಸಿರು ಒಂದು ಕಡೆ, ಅಕ್ಕನ ಬೇಸರ ಇನ್ನೊಂದು ಕಡೆ. ಇವರು ತೂಗಿ ನೋಡಿ ಅಕ್ಕನ ಕಡೆ ನಿಂತಿದ್ದರು. ಅದಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಗೋಣಿಚೀಲ. ನಾನು ನನ್ನ ಮೇಲಿನ ನಂಬಿಕೆಯನ್ನೇ ಚೀಲಕ್ಕೆ ತುಂಬಿ ಗಾಡಿಗೆ ಹಾಕುವಾಗ ಈ ಮನುಷ್ಯ ಪೇಪರು ಓದುತ್ತಿದ್ದರಲ್ಲ! ಫೋನ್ ತೆಗೆದು ಹರಿಹರಕ್ಕೆ ಹಚ್ಚಿದೆ.

“ಅಕ್ಕಾರೆ, ನನ್ನ ಡಬ್ಬಿಯಾಗೆ ಶೇಂಗಾ ತುಂಬಿ ಕಳ್ಸೀರಿ. ಅದು ತಾಗೇ ನಾನು ಆಸ್ಪತ್ರಿ ಸೇರಿದ್ದು.”

“ಆಸ್ಪತ್ರಿನಾ? ಯಾವಾಗ? ನನಗ್ಯಾರೂ ಹೇಳಿಲ್ಲಲ್ಲವಾ” ಎಂದು ಗಾಬರಿಯಾದರು. ಆಮೇಲೆ, “ಅದು ತಮ್ಮಗೆ ಕೊಟ್ಟಿದ್ದು ತಂಗೀ. ನಿನ್ನ ಹರಕಿ ನನಗೆ ಗೊತ್ತಿಲ್ಲೇನು? ನೀನು ತಿನ್ನಬಾರ್ದು, ಅಷ್ಟೇ ಅಲ್ಲೇನು? ಡಬ್ಬಿಗೆ ಹಾಕಿದ್ರೆ ಏನಾಗ್ತೈತೆ ಅಂದ್ಕೊಂಡೆ.”

“ಯಾವ ಹರಕಿ ಅಕ್ಕಾರೆ?”

ಅಕ್ಕಾರು ತಡವರಿಸುತ್ತ ಎಲ್ಲವನ್ನೂ ಹೇಳಿದರು.

ಹರಕೆ ನನಗೆ ಗೊತ್ತಿರಲಿಲ್ಲ, ಹರಿಹರದ ಆ ಇಡೀ ಮನೆತನಕ್ಕೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಶೇಂಗಾ ಹೋಳಿಗೆ ಬೇಡವೆಂದು ನಾನು ಎದ್ದಾಗ, ನನ್ನ ಗಂಡ ಒಳಗೆ ಹೋಗಿ ಎಲ್ಲರಿಗೂ ಹೇಳಿದ್ದರಂತೆ: ಅವಳು ಶೇಂಗಾವನ್ನು ದೇವರಿಗೆ ಬಿಟ್ಟಿದ್ದಾಳೆ, ಹರಕೆ. ಮನೆಯವರು ಮೆಚ್ಚಿದ್ದರಂತೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಕಾಯಿಲೆ ಎಂದು ಹೇಳಿದ ದಿನವೇ ಸುಳ್ಳು ಬಯಲಾಗುತ್ತಿತ್ತು. ಇವರು ಅದಕ್ಕೂ ಬೀಗ ಹಾಕಿದ್ದರು. ಹರಕೆ ಬಾಯಿಬಿಟ್ಟು ಹೇಳಿಕೊಂಡರೆ ಫಲ ಹೋಗುತ್ತದಲ್ಲ, ಅದಕ್ಕೇ ಅವಳು ಕಾಯಿಲೆ ಅನ್ನುತ್ತಾಳೆ, ನೀವು ಹೂಂ ಅಂದುಬಿಡಿ ಎಂದಿದ್ದರಂತೆ.

ನಾನು ನಿಜ ಹೇಳಿದಾಗೆಲ್ಲ ಅಕ್ಕಾರು ನಕ್ಕು ಕಣ್ಣು ಮಿಟುಕಿಸಿದ್ದು ಇದಕ್ಕೆ. ನಾನು ಎಷ್ಟು ಜೋರಾಗಿ ಕಾಯಿಲೆ ಎಂದೆನೋ ಅಷ್ಟು ಗಟ್ಟಿಯಾಗಿ ಹರಕೆಯನ್ನು ನಂಬಿದರು. ನನ್ನ ಬಾಯಲ್ಲಿದ್ದ ಒಂದೇ ಒಂದು ನಿಜವನ್ನು ಈ ಮನುಷ್ಯ ಇಷ್ಟು ವರ್ಷ ಸುಳ್ಳಾಗಿಸಿ ಇಟ್ಟಿದ್ದರು. ಆ ಸಿಟ್ಟು ಇದನ್ನು ಬರೆಯುವಾಗಲೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಅಕ್ಕಾರು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ಬಂದರು. ಬಂದವರು ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಕಣ್ಣಿನ ಸುತ್ತ ಊತ ಇನ್ನೂ ಇತ್ತು. ಗಂಡ ಚಪ್ಪಲಿ ಮೆಟ್ಟಿಕೊಂಡು ಹಾಲು ತರುತ್ತೇನೆ ಎಂದು ಹೊರಟಿದ್ದರು.

“ಕೂಡ್ರೋ ಇಲ್ಲೇ” ಎಂದರು ಅಕ್ಕ. “ಕಾಯಿಲಿಗೆ ಕಾಯಿಲಿ ಅನ್ನಾಕ ನಿನಗೇನು ಬಂದಿತ್ತು?”

“ಹೊಸದಾಗಿ ಮದುವ್ಯಾಗಿತ್ತಕ್ಕ. ಕಾಯಿಲಿ ಹುಡುಗಿ ತಂದ್ರು ಅಂತ ಮಂದಿ ಆಡ್ಕೊಂತಾರೆ ಅಂತ…”

“ಆಮ್ಯಾಲೆ? ಮಂದಿ ಸುಮ್ಮನಾದ ಮ್ಯಾಲೆ?”

ಆಮೇಲೆ ಹೇಳಲು ಆಗಲಿಲ್ಲ ಎಂದು ಏನೋ ಗೊಣಗಿದರು.

“ನನ್ನ ಕೈಲಿ ಕೊಲಿ ಮಾಡಿಸ್ತಿದ್ದೆಲ್ಲೋ. ಮಣ್ಣು ಕೊಡಾಕ ಬಂದು ನಾನೂ ಗಾಜನ್ನೇ ಬೈದು ಹೋಗ್ತಿದ್ದೆ. ಪಂಚಮಿಗೆ ಎಲ್ಲಾರೂ ಸೇರ್ತಾರೆ. ಎಲ್ಲಾರ ಮುಂದೆ ನಿಂತು ನಾನು ಸುಳ್ಳು ಹೇಳಿದ್ದೆ ಅಂತ ಹೇಳು. ಹೇಳಿದ ಮ್ಯಾಲೆ ಉಣ್ಣು.”

ಗಂಡ ನನ್ನ ಕಡೆ ನೋಡಿದರು, ನಾನು ಅಡ್ಡ ಬರುತ್ತೇನೇನೋ ಎಂದು. ನಾನು ಎದ್ದು ಅಡುಗೆಮನೆಗೆ ಹೋದೆ.

ಅಕ್ಕಾರು ಹಿಂದೆಯೇ ಬಂದು, ಹೇಗೆ ತೊಳೆಯಬೇಕು ತೋರಿಸು ಎಂದರು. ನಾನು ಹೊಸ ಬ್ರಷ್ ಕೊಟ್ಟೆ. ಡಬ್ಬಿಯ ಬಾಯಿಯ ಒಳಗೆ, ಮುಚ್ಚಳ ಕೂರುವಲ್ಲಿ ಸುತ್ತಲೂ ತೋಡು ಇದೆ. ಅದರೊಳಗೆ ಬ್ರಷ್ ಆಡಿಸಿದಾಗ ಬಿಳಿ ನೊರೆಯಲ್ಲಿ ಕೆಂಪಗೆ ಒಂದಿಷ್ಟು ಪುಡಿ ಹೊರಗೆ ಬಂತು, ಸಾಸಿವೆಯಷ್ಟೂ ಇರಲಿಲ್ಲ. ಅವರು ಅದನ್ನು ನೋಡುತ್ತ ನಿಂತರು.

“ಇಷ್ಟಕ್ಕನಾ?”

“ಇಷ್ಟು ಸಾಕು ಅಕ್ಕಾರೆ.”

ಅವರು ಮತ್ತೆ ತಿಕ್ಕತೊಡಗಿದರು. ತಲೆ ಎತ್ತದೆಯೇ ಕೇಳಿದರು.

“ಹಂಗಾದ್ರೆ ಇಷ್ಟು ವರ್ಷ ನಮ್ಮನ್ಯಾಗೆ ಉಂಡಾಗೆಲ್ಲ ಹೆದ್ರಿಕೊಂಡೇ ಉಂಡ್ಯೇನು?”

“ಹೂಂ.”

“ನಾನು ಕೈಯಾರೆ ಬಡಿಸಿದ್ದನ್ನ?”

“ಅದನ್ನೂ ಅಕ್ಕಾರೆ.”

ಅವರು ನಲ್ಲಿ ನಿಲ್ಲಿಸಿ, ಹೊರಗೆ ಕೂತಿದ್ದ ತಮ್ಮನಿಗೆ ಕೇಳುವ ಹಾಗೆ ಜೋರಾಗಿ ಅತ್ತರು.